ಸ್ಕೂಟರಿಗೆ ಎಷ್ಟು ಗಾಳಿ? ಮುಂದೆ 22, ಹಿಂದೆ 29 ಅಂತ ಯಾಕಿದೆ?

ಪ್ರಶ್ನೆ (ತಿಪಟೂರಿನ ಒಬ್ಬ ಶಿಕ್ಷಕಿ):

ಅಣ್ಣಾ ನಮಸ್ಕಾರ. ನನ್ನದು ಆಕ್ಟಿವಾ 6ಜಿ. ದಿನಾ ಶಾಲೆಗೆ 18 ಕಿಲೋಮೀಟರ್ ಹೋಗಿ ಬರುತ್ತೇನೆ. ಬೆಳಿಗ್ಗೆ ಎಂಟನೇ ಕ್ಲಾಸಿನ ಮಗಳು ಹಿಂದೆ ಕೂತಿರುತ್ತಾಳೆ, ಸಂಜೆ ವಾಪಸ್ ಬರುವಾಗ ನಾನೊಬ್ಬಳೇ. ಬಂಕಿನಲ್ಲಿ ಗಾಳಿ ಹಾಕುವ ಹುಡುಗ ಎರಡಕ್ಕೂ 35 ಹಾಕುತ್ತಾನೆ. ಕಡಿಮೆ ಹಾಕಿದರೆ ಪಂಕ್ಚರ್ ಆಗುತ್ತೆ ಮೇಡಂ ಅನ್ನುತ್ತಾನೆ. ಹಾಕಿಸಿದ ಮೇಲೆ ಹ್ಯಾಂಡಲ್ ಕುಣಿಯುತ್ತದೆ, ಮಣಿಕಟ್ಟು ನೋಯುತ್ತದೆ. ಮೊನ್ನೆ ಮಳೆಯಲ್ಲಿ ಬ್ರೇಕ್ ಹಿಡಿದಾಗ ಮುಂದಿನ ಚಕ್ರ ಜಾರಿದ ಹಾಗಾಯಿತು. ಬೀಳಲಿಲ್ಲ, ಆದರೆ ತುಂಬಾ ಭಯವಾಯಿತು. ನಮ್ಮ ಯಜಮಾನರು ಮುಂದೆ 25, ಹಿಂದೆ 40 ಹಾಕಿಸು ಅನ್ನುತ್ತಾರೆ. ಯಾವುದು ಸರಿ?

ಉತ್ತರ (ಹಾಸನ, ಟೈರ್ ಮತ್ತು ಪಂಕ್ಚರ್ ಅಂಗಡಿ):

ಅಕ್ಕಾ, ಮೊದಲು ಒಂದು ಮಾತು. ನಾಳೆ ಗಾಡಿ ತೆಗೆಯುವ ಮೊದಲೇ ಮುಂದಿನ ಚಕ್ರದ ಗಾಳಿ ಇಳಿಸಿ. ನಿಮ್ಮ ಗಾಡಿಗೆ ಕಂಪನಿ ಹೇಳಿರುವುದು ಮುಂದೆ 22 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಹಿಂದೆ ಒಬ್ಬರೇ ಇದ್ದರೆ 29, ಹಿಂದೆ ಯಾರಾದರೂ ಕೂತರೆ 36. ಮುಂದಿನದು ಎರಡೂ ಸಲ 22. ಅದು ಬದಲಾಗುವುದಿಲ್ಲ.

22 ಅಂದರೆ ತುಂಬಾ ಜನ ನಂಬುವುದಿಲ್ಲ. ತಪ್ಪಾಗಿ ಪ್ರಿಂಟ್ ಆಗಿರಬೇಕು ಅಂತ ನನಗೇ ಹೇಳಿದವರಿದ್ದಾರೆ. ಗಾಡಿ ಪಕ್ಕ ನಿಂತು ಒಮ್ಮೆ ನೋಡಿ. ಸ್ಕೂಟರಿನ ಇಂಜಿನ್ ಎಲ್ಲಿದೆ? ಹಿಂದಿನ ಚಕ್ರದ ಪಕ್ಕದಲ್ಲೇ. ಪೆಟ್ರೋಲ್ ಟ್ಯಾಂಕೂ ಹಿಂದೆ. ನೀವು ಕೂರುವುದು ನಡುವಿಗಿಂತ ಹಿಂದೆ. ಮಗಳು ಕೂರುವುದಂತೂ ಹೆಚ್ಚು ಕಡಿಮೆ ಹಿಂದಿನ ಚಕ್ರದ ನೆತ್ತಿಯ ಮೇಲೆ. ಆಕೆ ಹತ್ತಿದರೆ ಭಾರವೆಲ್ಲ ಹಿಂದಕ್ಕೆ, ಮುಂದಕ್ಕೆ ಏನೂ ಬರುವುದಿಲ್ಲ. ಅದಕ್ಕೇ ಹಿಂದಿನ ಲೆಕ್ಕ ಮಾತ್ರ ಏರುತ್ತದೆ.

ಭಾರ ಕಡಿಮೆ ಇರುವ ಟೈರಿಗೆ ಗಾಳಿ ಜಾಸ್ತಿ ತುಂಬಿದರೆ ಅದು ನೆಲಕ್ಕೆ ಕೂರುವುದೇ ಇಲ್ಲ. ಟೈರು ರಸ್ತೆಗೆ ತಾಗುವ ಜಾಗ ಅಂಗೈಯಷ್ಟೂ ಇರುವುದಿಲ್ಲ. 22ರ ಜಾಗದಲ್ಲಿ 33 ಹಾಕಿದರೆ ಆ ಜಾಗದಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಒಂದು ಪಾಲು ಹೋಯಿತು ಅಂತ ಇಟ್ಟುಕೊಳ್ಳಿ. ಒಣ ರಸ್ತೆಯಲ್ಲಿ ಕೈ ನೋವು, ಹ್ಯಾಂಡಲ್ ಕುಣಿಯುವುದು. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಜಾರುವುದು. ನಿಮಗೆ ಎರಡೂ ಆಗಿದೆ. ಮೊನ್ನೆ ಬೀಳದೇ ಇದ್ದದ್ದು ಪುಣ್ಯ.

ಹಿಂದಿನದಕ್ಕೆ ನನ್ನ ಸಲಹೆ 36. ಎಂಟನೇ ಕ್ಲಾಸಿನ ಹುಡುಗಿ, ಜೊತೆಗೆ ಪುಸ್ತಕದ ಚೀಲ. ದಿನಾ ಅರ್ಧ ದಾರಿ ಆ ಭಾರ ಇದ್ದೇ ಇರುತ್ತದೆ. ಸಂಜೆ ಒಬ್ಬರೇ ಬರುವಾಗ ಸ್ವಲ್ಪ ಗಡುಸು ಅನಿಸುತ್ತದೆ, ಅಷ್ಟೇ. ಇಬ್ಬರ ಭಾರಕ್ಕೆ ಗಾಳಿ ಸಾಲದೆ ಇರುವುದಕ್ಕಿಂತ ಅದು ಎಷ್ಟೋ ಮೇಲು. ಯಾವಾಗಲೋ ಒಮ್ಮೆ ಹಿಂದೆ ಕೂರಿಸಿಕೊಳ್ಳುವವರು ಮಾತ್ರ ಮಾಮೂಲಿಗೆ 29 ಇಟ್ಟು, ಇಬ್ಬರು ದೂರ ಹೋಗುವ ದಿನ 36 ಮಾಡಿಕೊಂಡರೆ ಸಾಕು. ಯಜಮಾನರು ಹೇಳುವ 40 ಬೇಡ.

ಗಾಳಿ ಕಡಿಮೆ ಇದ್ದರೆ ಪಂಕ್ಚರ್ ಅನ್ನುವ ಮಾತು ಪೂರ್ತಿ ಸುಳ್ಳಲ್ಲ. ಗಾಳಿ ತೀರಾ ಇಳಿದರೆ ಟೈರ್ ಬಿಸಿಯಾಗುತ್ತದೆ, ಗುಂಡಿಗೆ ಬಿದ್ದಾಗ ರಿಮ್ ಏಟು ತಿನ್ನುತ್ತದೆ, ಮೈಲೇಜೂ ಹೋಗುತ್ತದೆ. ಆದರೆ 22 ಅನ್ನುವುದು ಕಡಿಮೆ ಅಲ್ಲ, ಮುಂದಿನ ಚಕ್ರಕ್ಕೆ ಅದೇ ಪೂರ್ತಿ.

ಪ್ರಶ್ನೆ (ಚಿತ್ರದುರ್ಗ):

ಸರ್, ನನ್ನ ಗಾಡಿ ಬೇರೆ ಕಂಪನಿಯದು. ಟೈರಿನ ಮೇಲೇ ಒಂದು ಪಿಎಸ್‌ಐ ಬರೆದಿದೆಯಲ್ಲ, ಅಷ್ಟು ಹಾಕಿಸಿದರೆ ಸರಿ ಅಲ್ವಾ?

ಉತ್ತರ:

ಅಲ್ಲ. ದಯವಿಟ್ಟು ಅದನ್ನು ನೋಡಿ ಹಾಕಿಸಬೇಡಿ. ಆ ಟೈರು ಹೆಚ್ಚೆಂದರೆ ಇಷ್ಟು ಕಿಲೋ ಭಾರ ಹೊರುತ್ತದೆ, ಆಗ ಇಷ್ಟು ಗಾಳಿ ಬೇಕು ಅಂತ ಟೈರ್ ಕಂಪನಿಯವರು ಬರೆದಿರುವುದು ಅದು. ಅದೇ ಟೈರು ನಾಲ್ಕು ಥರದ ಗಾಡಿಗೆ ಹೋಗುತ್ತದೆ. ನಿಮ್ಮ ಗಾಡಿಯ ಭಾರ ಅವರಿಗೆ ಗೊತ್ತಿಲ್ಲ.

ಉದಾಹರಣೆಗೆ ಆಕ್ಟಿವಾದ ಹಿಂದಿನ ಟೈರಿನ ಮೇಲೆ 90/100-10 53ಜೆ ಅಂತ ಇರುತ್ತದೆ. 53 ಅಂದರೆ ಆ ಒಂದು ಟೈರು 206 ಕಿಲೋ ಹೊರಬಲ್ಲದು. ಜೆ ಅಂದರೆ ಗಂಟೆಗೆ 100 ಕಿಲೋಮೀಟರ್ ವೇಗದವರೆಗೆ. ನಿಮ್ಮ ಒಂದು ಚಕ್ರದ ಮೇಲೆ ದಿನಾ 206 ಕಿಲೋ ಬೀಳುತ್ತದಾ? ಇಲ್ಲ ತಾನೇ.

ನೋಡಬೇಕಾದದ್ದು ಗಾಡಿಯ ಸ್ಟಿಕ್ಕರ್. ಒಂದೊಂದು ಗಾಡಿಗೆ ಒಂದೊಂದು ಜಾಗದಲ್ಲಿ ಅಂಟಿಸಿರುತ್ತಾರೆ. ಸೀಟಿನ ಕೆಳಗೆ ನೋಡಿ, ಹಿಂದಿನ ಚಕ್ರದ ಹತ್ತಿರ ನೋಡಿ. ವಾಟರ್ ಸರ್ವೀಸ್ ಮಾಡಿಸಿ ಮಾಡಿಸಿ ಕಿತ್ತುಹೋಗಿದ್ದರೆ ಮ್ಯಾನುವಲ್‌ನಲ್ಲಿ ಇದ್ದೇ ಇರುತ್ತದೆ. ಅಲ್ಲಿ 150, 200, 250 ಅಂತ ದೊಡ್ಡ ಅಂಕಿ ಕಂಡರೆ ಗಾಬರಿಯಾಗಬೇಡಿ, ಅದು ಕಿಲೋಪಾಸ್ಕಲ್ ಅನ್ನುವ ಇನ್ನೊಂದು ಅಳತೆ. 150 ಅಂದರೆ ನಮ್ಮ 22, 200 ಅಂದರೆ 29, 250 ಅಂದರೆ 36. 22, 29, 36 ಅನ್ನುವ ವಿಚಿತ್ರ ಅಂಕಿಗಳು ಬಂದದ್ದೇ ಹೀಗೆ. ಅಲ್ಲಿ ರೌಂಡ್ ಲೆಕ್ಕ, ಪಿಎಸ್‌ಐಗೆ ತಿರುಗಿಸಿದಾಗ ಬಿಡಿ ಲೆಕ್ಕ.

ಪ್ರಶ್ನೆ (ತಿಪಟೂರು, ಮತ್ತೆ ಅದೇ ಶಿಕ್ಷಕಿ):

ಅಣ್ಣಾ, ಬಂಕಿಗೆ ಹೋಗಿ 22 ಹಾಕಪ್ಪಾ ಅಂದೆ. ಮೀಟರ್ ನೋಡಿ 22 ಅಂದ. ಸಂಶಯ ಬಂದು ಪಕ್ಕದ ಟೈರ್ ಅಂಗಡಿಯಲ್ಲಿ ನೋಡಿಸಿದರೆ 27 ತೋರಿಸಿತು. ಯಾರನ್ನು ನಂಬಲಿ?

ಉತ್ತರ:

ಇಬ್ಬರನ್ನೂ ಬೇಡ ಅಕ್ಕಾ. ನಿಮ್ಮದೇ ಒಂದು ಗೇಜ್, ಅಂದರೆ ಗಾಳಿ ಅಳೆಯುವ ಚಿಕ್ಕ ಮೀಟರ್, ತೆಗೆದುಕೊಳ್ಳಿ. ನಾನು ಈ ಕೆಲಸಕ್ಕೆ ಬಂದು 24 ವರ್ಷ ಆಯಿತು. ಸ್ಕೂಟರ್ ಇರುವ ಪ್ರತಿ ಮನೆಗೂ ನಾನು ಹೇಳುವ ಒಂದೇ ಮಾತು ಇದು. ಸೀಟಿನ ಕೆಳಗೆ ಮಳೆ ಕೋಟಿನ ಜೊತೆ ಒಂದು ಗೇಜ್ ಇರಲಿ. ಕೆಲವು ನೂರು ರೂಪಾಯಿಯ ಸಾಮಾನು, ವರ್ಷಗಟ್ಟಲೆ ಬರುತ್ತದೆ.

ಬಂಕಿನ ಪೈಪಿನ ತುದಿ ನೋಡಿದ್ದೀರಲ್ಲ. ಕೆಲಸ ಮುಗಿದ ತಕ್ಷಣ ನೆಲಕ್ಕೆ ಬಿಡುತ್ತಾರೆ. ಅದರ ಮೇಲೆ ಕಾರು ಹತ್ತುತ್ತದೆ, ಬಿಸಿಲು, ಮಳೆ. ಕೈಯಲ್ಲಿ ಹಿಡಿಯುವ ಮೀಟರಿನ ಗಾಜು ಒಡೆದು ಮುಳ್ಳು ಬಗ್ಗಿರುತ್ತದೆ. ಸ್ಕೂಟರಿನ ಟೈರು ಚಿಕ್ಕದು, ಒಳಗೆ ಹಿಡಿಯುವ ಗಾಳಿಯೂ ಸ್ವಲ್ಪ. ಕಾರಿಗೆ ಕೊಡುವ ಹಾಗೆ ಎರಡು ಸೆಕೆಂಡ್ ಒತ್ತಿದರೆ ಮುಳ್ಳು ಎಲ್ಲೋ ಹೋಗಿರುತ್ತದೆ. ಹುಡುಗನ ತಪ್ಪು ಅಂತ ಹೇಳುವುದಿಲ್ಲ, ಅವನ ಹಿಂದೆ ಹತ್ತು ಗಾಡಿ ಹಾರ್ನ್ ಹೊಡೆಯುತ್ತಿರುತ್ತವೆ. ಬಂಕಿನಲ್ಲಿ ಗಾಳಿ ಪುಕ್ಕಟೆ ಕೊಡಲೇಬೇಕು ಅಂತ ನಿಯಮ ಇದೆ, ಹಾಕಿಸಿಕೊಳ್ಳಿ. ಸ್ವಲ್ಪ ಜಾಸ್ತಿಯೇ ಹಾಕಿಸಿ. ಮಾರನೇ ದಿನ ಬೆಳಿಗ್ಗೆ ಮನೆಯಲ್ಲಿ ನಿಮ್ಮ ಗೇಜಿನಿಂದ ನೋಡಿ ಇಳಿಸಿ.

ಬೆಳಿಗ್ಗೆ ಅಂದದ್ದು ಸುಮ್ನೆ ಅಲ್ಲ. ಕಂಪನಿ ಹೇಳುವ ಲೆಕ್ಕವೆಲ್ಲ ತಣ್ಣಗಿರುವ ಟೈರಿಗೆ. ಕನಿಷ್ಠ ಮೂರು ಗಂಟೆ ಗಾಡಿ ನಿಂತಿರಬೇಕು. ಓಡಿಸಿಕೊಂಡು ಬಂದರೆ ಒಳಗಿನ ಗಾಳಿ ಬಿಸಿಯಾಗಿ ಮೀಟರ್ ಏರುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಸ್ಕೂಟರ್ ಟೈರಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ಚಳಿಗಾಲ ಶುರುವಾದಾಗ ನನ್ನ ಅಂಗಡಿಗೆ ಗಾಳಿ ಇಳಿದಿದೆ, ಪಂಕ್ಚರ್ ನೋಡಿ ಅಂತ ಬರುವವರಲ್ಲಿ ಎಷ್ಟೋ ಜನರಿಗೆ ಪಂಕ್ಚರ್ ಆಗಿರುವುದೇ ಇಲ್ಲ. ಚಳಿಗೆ ಗಾಳಿ ಕುಗ್ಗಿರುತ್ತದೆ, ಅಷ್ಟೇ.

ಗೇಜ್ ಕೊಳ್ಳುವಾಗ ಮೂತಿ ಚಿಕ್ಕದಾಗಿ ಬಗ್ಗಿರುವುದನ್ನು ಆರಿಸಿ. ಹಿಂದಿನ ಚಕ್ರ ಹತ್ತು ಇಂಚಿನದು, ಉದ್ದನೆಯ ಗೇಜ್ ವಾಲ್ವಿಗೆ ನೇರ ಕೂರುವುದಿಲ್ಲ. ಓರೆಯಾದರೆ ಗಾಳಿ ಸುಯ್ ಅಂತ ಹೋಗಿ ಲೆಕ್ಕ ತಪ್ಪುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ವಾಲ್ವ್ ಕೈಗೆ ಸಿಗುವ ಕಡೆ ಬರುವ ಹಾಗೆ ಚಕ್ರ ತಿರುಗಿಸಿ, ಆಮೇಲೆ ಒತ್ತಿ. ಸೈಲೆನ್ಸರ್ ಬಿಸಿ ಇದ್ದರೆ ಕೈ ಜೋಪಾನ.

ಪ್ರಶ್ನೆ (ಉಡುಪಿ):

ಮಳೆಗಾಲದಲ್ಲಿ ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಗ್ರಿಪ್ ಚೆನ್ನಾಗಿರುತ್ತದಂತೆ, ನಿಜವಾ? ನೈಟ್ರೋಜನ್ ಹಾಕಿಸಬೇಕಾ?

ಉತ್ತರ:

ಮಳೆಗಾಲಕ್ಕೂ ಅದೇ ಲೆಕ್ಕ. ಟೈರಿನ ಗೀರುಗಳು ಇರುವುದು ನೀರನ್ನು ಪಕ್ಕಕ್ಕೆ ತಳ್ಳಲಿಕ್ಕೆ. ಗಾಳಿ ಇಳಿಸಿದರೆ ಆ ಗೀರು ಮುಚ್ಚಿಕೊಳ್ಳುತ್ತವೆ, ನೀರು ಹೋಗಲು ದಾರಿ ಇರುವುದಿಲ್ಲ. ನಿಮ್ಮ ಕಡೆ ಮಳೆಗೆ ಗಾಳಿಗಿಂತ ಮೊದಲು ಗೀರು ಎಷ್ಟು ಉಳಿದಿದೆ ನೋಡಿ. ಟೈರಿನ ಪಕ್ಕದಲ್ಲಿ ಚಿಕ್ಕ ತ್ರಿಕೋನದ ಗುರುತು ಇರುತ್ತದೆ. ಅದರ ನೇರಕ್ಕೆ ಗೀರಿನ ಒಳಗೆ ಒಂದು ಸಣ್ಣ ದಿಣ್ಣೆ ಇದೆ. ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂತು ಅಂದರೆ ಟೈರ್ ಮುಗಿಯಿತು.

ನೈಟ್ರೋಜನ್ ಬೇಡ. ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ಅದೇ ಇದೆ. ಆ ದುಡ್ಡಿಗೆ ಗೇಜ್ ತೆಗೆದುಕೊಳ್ಳಿ.

ಪ್ರಶ್ನೆ (ಮಂಡ್ಯ):

ನನ್ನ ಹಿಂದಿನ ಟೈರ್ ನಡುವೆ ಮಾತ್ರ ಸವೆದಿದೆ. ಗಾಳಿಯಿಂದಲೇ ಆಗುತ್ತಾ?

ಉತ್ತರ:

ಹೆಚ್ಚಾಗಿ ಗಾಳಿಯಿಂದಲೇ. ನೇರ ರಸ್ತೆಯಲ್ಲೇ ಜಾಸ್ತಿ ಓಡಿಸುವವರಿಗೆ ನಡುಭಾಗ ಮೊದಲು ಸವೆಯುವುದು ಸಹಜ. ಆದರೆ ಗಾಳಿ ಜಾಸ್ತಿ ಇದ್ದರೆ ಅದು ಬೇಗ ಆಗುತ್ತದೆ. ಹೋದ ವಾರ ಒಬ್ಬರು ಸ್ಕೂಟರ್ ತಂದಿದ್ದರು. ಟೈರಿನ ನಡುವೆ ಬೆರಳಾಡಿಸಿದೆ. ಒರೆಸಿಟ್ಟ ಸ್ಲೇಟಿನ ಹಾಗೆ ನುಣ್ಣಗೆ. ಅಂಚಿಗೆ ಬೆರಳು ತಂದರೆ ಹೊಸ ಟೈರಿನ ಮೇಲಿರುವ ರಬ್ಬರ್ ಕೂದಲು ಇನ್ನೂ ಚುಚ್ಚುತ್ತಿದ್ದವು! ಗೇಜ್ ಇಟ್ಟೆ, 44. ಒಬ್ಬರೇ ಓಡಿಸುವ ಗಾಡಿ ಅದು. ಟೈರು ನಡುವೆ ಉಬ್ಬಿಕೊಂಡು ಅಷ್ಟೇ ಅಗಲದ ಮೇಲೆ ಓಡಿದೆ. ಅಂಚಿನ ರಬ್ಬರಿಗೆ ಕೊಟ್ಟ ದುಡ್ಡು ದಂಡ.

ಇದಕ್ಕೆ ತಿರುಗುಮುರುಗಾಗಿ ಎರಡೂ ಅಂಚು ಸವೆದು ನಡುವೆ ಗೀರು ಚೆನ್ನಾಗಿದ್ದರೆ ಗಾಳಿ ಸಾಲದೇ ಓಡಿಸಿದ್ದೀರಿ ಅಂತ. ಆ ಟೈರಿನ ಪಕ್ಕದ ಗೋಡೆಯಲ್ಲಿ ಸಣ್ಣ ಸಣ್ಣ ಬಿರುಕು ಕಂಡರೆ ತಡ ಮಾಡಬೇಡಿ, ಬದಲಾಯಿಸಿ.

ಪ್ರಶ್ನೆ (ಬೆಂಗಳೂರು):

ಎಲೆಕ್ಟ್ರಿಕ್ ಸ್ಕೂಟರಿಗೂ ಇದೇ 22–29 ಲೆಕ್ಕನಾ ಅಣ್ಣ?

ಉತ್ತರ:

ಇದೇ ಇರಬೇಕು ಅಂತಿಲ್ಲ. ಬ್ಯಾಟರಿ ಭಾರ ಇರುತ್ತದೆ, ಅದು ಇರುವ ಜಾಗವೂ ಬೇರೆ. ನಿಮ್ಮ ಗಾಡಿಯ ಸ್ಟಿಕ್ಕರ್ ಏನು ಹೇಳುತ್ತದೋ ಅದೇ. ಗಾಳಿ ಇಳಿದರೆ ಪೆಟ್ರೋಲ್ ಗಾಡಿಯಲ್ಲಿ ಮೈಲೇಜ್ ಹೋಗುವ ಹಾಗೆ ನಿಮ್ಮದರಲ್ಲಿ ಚಾರ್ಜ್ ಬೇಗ ಇಳಿಯುತ್ತದೆ.

ಪ್ರಶ್ನೆ (ತಿಪಟೂರು):

ಅಣ್ಣಾ, ಗೇಜ್ ತಂದೆ. ಮುಂದೆ 22 ಮಾಡಿದ ಮೇಲೆ ಕೈ ನೋವು ನಿಂತಿದೆ. ಹ್ಯಾಂಡಲ್ ಕುಣಿಯುವುದಿಲ್ಲ. ತುಂಬಾ ಥ್ಯಾಂಕ್ಸ್. ಆದರೆ ಹಿಂದಿನದು ಒಂದು ಪ್ರಶ್ನೆ. ಹೋದ ಸೋಮವಾರ ಬೆಳಿಗ್ಗೆ ನಾನೇ ನೋಡಿ 36 ಮಾಡಿದ್ದೆ. ಇವತ್ತು ಸೋಮವಾರ ಬೆಳಿಗ್ಗೆ 28 ಇದೆ. ಗೇಜ್ ಸರಿ ಇಲ್ವಾ?

ಉತ್ತರ:

ಮುಂದಿನದನ್ನು ಸರಿಯಾಗಿ ತೋರಿಸುವ ಗೇಜ್ ಹಿಂದಿನದಕ್ಕೆ ಸುಳ್ಳು ಹೇಳುವುದಿಲ್ಲ. ಚೆನ್ನಾಗಿರುವ ಟೈರು ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳಬಹುದು. ವಾರಕ್ಕೆ ಎಂಟು ಅಂದರೆ ಎಲ್ಲೋ ಸೋರುತ್ತಿದೆ. ನಿಮ್ಮದು ಟ್ಯೂಬ್‌ಲೆಸ್, ಮೊಳೆ ಹೊಕ್ಕರೂ ಗಾಳಿ ಒಮ್ಮೆಗೇ ಹೋಗುವುದಿಲ್ಲ. ಇಷ್ಟು ದಿನ ಬಂಕಿನಲ್ಲಿ ಆಗಾಗ 35 ತುಂಬಿಸುತ್ತಿದ್ದಿರಿ, ಹಾಗಾಗಿ ಗೊತ್ತಾಗಲಿಲ್ಲ. ಮುಂದಿನದು ಕಲ್ಲಾಗಿತ್ತು, ಮಗಳು ಕೂರುವ ಚಕ್ರ ಮೆತ್ತಗಾಗುತ್ತಿತ್ತು.

ಈಗಲೇ ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಹಾಕಿ ಕಲಸಿ. ಮೊದಲು ವಾಲ್ವಿನ ಬಾಯಿಗೆ ಎರಡು ಹನಿ ಬಿಟ್ಟು ಒಂದು ನಿಮಿಷ ನೋಡಿ. ಆಮೇಲೆ ವಾಲ್ವಿನ ಬುಡ. ಆಮೇಲೆ ಟೈರು ರಿಮ್ಮಿಗೆ ಸೇರುವ ಅಂಚು, ಸುತ್ತ. ಕೊನೆಗೆ ಚಕ್ರ ನಿಧಾನವಾಗಿ ತಿರುಗಿಸುತ್ತಾ ಗೀರಿನ ಒಳಗೆ. ಮೊಳೆ ಕಂಡರೆ ನೀವೇ ಕೀಳಬೇಡಿ, ಅಂಗಡಿವರೆಗೂ ಗಾಳಿ ಹಿಡಿದಿಡುವುದು ಅದೇ ಮೊಳೆ.

ಪ್ರಶ್ನೆ (ತಿಪಟೂರು):

ವಾಲ್ವಿನ ಬಾಯಲ್ಲೇ ಅಣ್ಣಾ. ಸಾಸಿವೆ ಕಾಳಿನಷ್ಟು ಗುಳ್ಳೆ, ಒಂದು ಒಡೆದರೆ ಇನ್ನೊಂದು ಬರುತ್ತಿದೆ.

ಉತ್ತರ:

ಒಳಗಿನ ವಾಲ್ವ್ ಪಿನ್ ಹೋಗಿದೆ. ಟೈರಿಗೆ ಏನೂ ಆಗಿಲ್ಲ. ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಹತ್ತು ನಿಮಿಷದಲ್ಲಿ ಬದಲಾಯಿಸುತ್ತಾರೆ, ಚಿಲ್ಲರೆ ದುಡ್ಡಿನ ಸಾಮಾನು. ಪಿನ್ ಬಿಚ್ಚಿದಾಗ ಗಾಳಿ ಪೂರ್ತಿ ಹೋಗುತ್ತದೆ, ಅವರಿಗೆ 38 ಹಾಕಲು ಹೇಳಿ. ನಾಳೆ ಬೆಳಿಗ್ಗೆ ಮಗಳು ಹತ್ತುವ ಮೊದಲು 36ಕ್ಕೆ ಇಳಿಸಿ. ವಾಲ್ವಿಗೆ ಕ್ಯಾಪ್ ಇಲ್ಲದಿದ್ದರೆ ಒಂದು ಕೇಳಿ ಹಾಕಿಸಿಕೊಳ್ಳಿ, ಮಣ್ಣು ಹೊಕ್ಕು ಪಿನ್ ಹಾಳಾಗುವುದು ಅಲ್ಲಿಂದಲೇ. ಮುಂದಿನ ಸೋಮವಾರ ಗೇಜ್ ಎಷ್ಟು ತೋರಿಸಿತು ಅಂತ ಇಲ್ಲೇ ಬರೆಯಿರಿ.