ಮೆಲನೋಮಾ ಶಸ್ತ್ರಚಿಕಿತ್ಸೆಯ ನಂತರ ಆಂಟಿ-ಆಕ್ಸಿಡೆಂಟ್ ಮಾತ್ರೆಗಳನ್ನು ಕೊಡಬಹುದೆ?

ಪ್ರಶ್ನೆ: ಜಮಖಂಡಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾ ಅವರಿಗೆ ಈಗ 62 ವರ್ಷ. ಬರಿಗಾಲಲ್ಲೇ ಕಬ್ಬಿಗೆ ನೀರು ಹಾಯಿಸುತ್ತ ಬಂದವರು. ಬಲಗಾಲಿನ ಹಿಮ್ಮಡಿಯ ಹತ್ತಿರ ಮೂಡಿದ ಕಪ್ಪು ಕಲೆಯನ್ನು ಆಣಿ ಎಂದೇ ತಿಳಿದು, ಕೊರೆಸಿ, ಪಟ್ಟಿ ಕಟ್ಟಿಸಿಕೊಂಡು ಬಹಳ ಕಾಲ ಓಡಾಡಿದರು. ಕೊನೆಗೆ ಬಯಾಪ್ಸಿ ಮಾಡಿಸಿದಾಗ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಎಂದು ತಿಳಿಯಿತು. ಶಸ್ತ್ರಚಿಕಿತ್ಸೆ ಮುಗಿದಿದೆ. ಗಡ್ಡೆಯ ಆಳ 2.3 ಮಿ.ಮೀ. ಎಂದು ವರದಿಯಲ್ಲಿದೆ, ತೊಡೆಸಂದಿಯಿಂದ ತೆಗೆದು ಪರೀಕ್ಷಿಸಿದ ದುಗ್ಧಗ್ರಂಥಿಯಲ್ಲಿ (ಲಿಂಫ್ ನೋಡ್) ರೋಗ ಕಂಡಿಲ್ಲ.

ನಮ್ಮ ಬೀಗರೊಬ್ಬರು ವಿಟಮಿನ್ ಸಿ, ವಿಟಮಿನ್ ಇ, ಸೆಲೆನಿಯಂ ಮತ್ತು ಗ್ಲುಟಾಥಯೋನ್ ಇರುವ ಆಂಟಿ-ಆಕ್ಸಿಡೆಂಟ್ ಮಾತ್ರೆಗಳ ಡಬ್ಬಿಯನ್ನು ಪ್ರೀತಿಯಿಂದಲೇ ತಂದುಕೊಟ್ಟಿದ್ದಾರೆ. ಚರ್ಮದ ಜೀವಕೋಶಗಳಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ (ಕ್ರಿಯಾಶೀಲ ಆಮ್ಲಜನಕದ ಅಣುಗಳಿಂದಾಗುವ ಒತ್ತಡ) ಹೆಚ್ಚಾಗಿಯೇ ಈ ಕಾಯಿಲೆ ಬರುತ್ತದೆ, ಅದನ್ನು ತಗ್ಗಿಸಿದರೆ ಮತ್ತೆ ಬರುವುದಿಲ್ಲ ಎಂಬುದು ಅವರ ಮಾತು. ಆದರೆ ಅದೇ ಸ್ಟ್ರೆಸ್ಸನ್ನು ಬೇಕೆಂದೇ ಹೆಚ್ಚಿಸಿ ಮೆಲನೋಮಾ ಕೋಶಗಳನ್ನು ಕೊಲ್ಲುವ ಪ್ರಾಯೋಗಿಕ ಔಷಧಗಳಿವೆ ಎಂದು ನಾನು ಓದಿದ್ದೇನೆ. ಈ ಎರಡು ಮಾತುಗಳಲ್ಲಿ ಯಾವುದನ್ನು ನಂಬಬೇಕು? ಮಾತ್ರೆಗಳನ್ನು ಕೊಡಬಹುದೆ? ಅಂತಹ ಪ್ರಯೋಗಗಳು ನಮ್ಮ ಕಡೆ ನಡೆಯುತ್ತವೆಯೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಬೆಳಗಾವಿಯಿಂದ, ಜೀವರಸಾಯನಶಾಸ್ತ್ರದ ಉಪನ್ಯಾಸಕಿ

ಸರ್, ಮೊದಲು ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರಿಸುತ್ತೇನೆ. ಕಾಕಾ ಅವರ ಕ್ಯಾನ್ಸರ್ ವೈದ್ಯರಿಗೆ ತೋರಿಸದೆ ಆ ಡಬ್ಬಿಯನ್ನು ತೆರೆಯಬೇಡಿ. ಬೀಗರು ಹೇಳಿದ್ದರಲ್ಲಿ ಅರ್ಧ ನಿಜವಿದೆ; ಆದರೆ ಆ ಅರ್ಧ ನಿಜ ಅನ್ವಯಿಸುವುದು ಕಾಯಿಲೆ ಹುಟ್ಟುವ ಹಂತಕ್ಕೆ, ಹುಟ್ಟಿದ ಮೇಲಿನ ಹಂತಕ್ಕಲ್ಲ.

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಕೋಶಗಳಿಗೆ ಆಕ್ಸಿಡೇಟಿವ್ ಸ್ಟ್ರೆಸ್ ಹೊರಗಿನಿಂದಷ್ಟೇ ಬರುವುದಲ್ಲ. ಟೈರೊಸಿನ್‌ನಿಂದ ಮೆಲನಿನ್ ಎಂಬ ಬಣ್ಣದ ವಸ್ತು ತಯಾರಾಗುವ ಕ್ರಿಯೆಯಲ್ಲಿಯೇ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದರ ಮೇಲೆ ಬಿಸಿಲಿನ ಯುವಿ-ಎ ಕಿರಣಗಳು ಬಿದ್ದರೆ ಕ್ರಿಯಾಶೀಲ ಆಮ್ಲಜನಕದ ಅಣುಗಳು ಇನ್ನಷ್ಟು ಹೆಚ್ಚಿ, ಡಿಎನ್‌ಎಯಲ್ಲಿರುವ ಗ್ವಾನಿನ್ ಎಂಬ ಘಟಕ ಕೆಡುತ್ತದೆ. ದುರಸ್ತಿ ತಪ್ಪಿದ ಕಡೆ ರೂಪಾಂತರ (ಮ್ಯುಟೇಶನ್) ಉಳಿದುಕೊಳ್ಳುತ್ತದೆ. ಯುವಿ-ಬಿ ಕಿರಣಗಳು ಈ ಸುತ್ತುದಾರಿಯಿಲ್ಲದೆ ನೇರವಾಗಿ ಡಿಎನ್‌ಎಯನ್ನು ಕೆಡಿಸುತ್ತವೆ. ಬಿಸಿಲೇ ಇಲ್ಲದಿದ್ದರೂ ಹಾನಿ ಆಗಬಹುದೆಂದು 2012ರಲ್ಲಿ ಇಲಿಗಳ ಮೇಲೆ ನಡೆದ ಒಂದು ಅಧ್ಯಯನ ತೋರಿಸಿತು: ಕೆಂಪು-ಹಳದಿ ಬಗೆಯ ಮೆಲನಿನ್ ಇದ್ದ ಇಲಿಗಳಿಗೆ ಯುವಿ ಸೋಂಕದೆಯೇ ಮೆಲನೋಮಾ ಬಂದಿತು. ಇಷ್ಟರ ಮಟ್ಟಿಗೆ ಬೀಗರ ಮಾತು ಸರಿ.

ಆದರೆ ಕೋಶವು ಕ್ಯಾನ್ಸರ್ ಆದ ಮೇಲೆ ಪರಿಸ್ಥಿತಿ ತಿರುಗುತ್ತದೆ. ಗಡ್ಡೆಯಿಂದ ಬಿಡಿಸಿಕೊಂಡು ರಕ್ತಕ್ಕೆ ಇಳಿದ ಮೆಲನೋಮಾ ಕೋಶ ತೀವ್ರವಾದ ಆಕ್ಸಿಡೇಟಿವ್ ಸ್ಟ್ರೆಸ್‌ಗೆ ಸಿಕ್ಕಿ, ಹೆಚ್ಚಿನ ಪಾಲು ಅಲ್ಲಿಯೇ ಸಾಯುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಶಾನ್ ಮಾರಿಸನ್ ಅವರ ತಂಡ ಮನುಷ್ಯರ ಮೆಲನೋಮಾ ಕೋಶಗಳನ್ನು ಇಲಿಗಳಿಗೆ ಸೇರಿಸಿ ಇದನ್ನು 2015ರಲ್ಲಿ ತೋರಿಸಿತು. ಅದೇ ಇಲಿಗಳಿಗೆ ಎನ್-ಅಸಿಟೈಲ್ ಸಿಸ್ಟೀನ್ ಎಂಬ ಆಂಟಿ-ಆಕ್ಸಿಡೆಂಟ್ ಕೊಟ್ಟಾಗ ರೋಗ ದೂರದ ಅಂಗಗಳಿಗೆ ಹೆಚ್ಚಾಗಿ ಹರಡಿತು. ಅದೇ ವರ್ಷ ಸ್ವೀಡನ್‌ನ ಮಾರ್ಟಿನ್ ಬರ್ಗೋ ಅವರ ತಂಡ ಇದೇ ಔಷಧವನ್ನು ಇಲಿಗಳ ಕುಡಿಯುವ ನೀರಿಗೆ ಬೆರೆಸಿ ನೋಡಿತು. ಚರ್ಮದ ಮೇಲಿನ ಗಡ್ಡೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ದುಗ್ಧಗ್ರಂಥಿಗಳಿಗೆ ಹರಡುವಿಕೆ ಮಾತ್ರ ಇಮ್ಮಡಿಯಾಯಿತು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಈ ಎರಡನೆಯ ಫಲಿತಾಂಶ, ಏಕೆಂದರೆ ಕಣ್ಣಿಗೆ ಕಾಣುವ ಗಡ್ಡೆಯನ್ನು ನೋಡಿಕೊಂಡಿದ್ದವರಿಗೆ ಒಳಗೆ ಏನು ನಡೆಯುತ್ತಿದೆ ಎಂಬ ಸುಳಿವೂ ಸಿಗುತ್ತಿರಲಿಲ್ಲ. ಹೊಲಕ್ಕೆ ಹಾಕಿದ ಗೊಬ್ಬರವನ್ನು ಬೆಳೆಯೂ ಉಣ್ಣುತ್ತದೆ, ಕಳೆಯೂ ಉಣ್ಣುತ್ತದೆ. ಆಂಟಿ-ಆಕ್ಸಿಡೆಂಟ್ ಕೂಡ ಒಳ್ಳೆಯ ಕೋಶವನ್ನೇ ಆರಿಸಿಕೊಂಡು ಕಾಯುವುದಿಲ್ಲ.

ಇವು ಇಲಿಗಳ ಮೇಲಿನ ಅಧ್ಯಯನಗಳು, ಮನುಷ್ಯರಲ್ಲಿ ಇದೇ ಪ್ರಮಾಣದಲ್ಲಿ ನಡೆಯುತ್ತದೆ ಎಂದು ಇವುಗಳಿಂದ ಸಾಧಿಸಲಾಗದು. ಆದರೆ ವಿಟಮಿನ್ ಮಾತ್ರೆ ಎಂದೊಡನೆ ನಿರಪಾಯ ಎಂದು ತಿಳಿಯಬಾರದು ಎನ್ನುವುದಕ್ಕೆ ಮನುಷ್ಯರಲ್ಲೇ ಪುರಾವೆ ಇದೆ. ಫಿನ್ಲೆಂಡಿನಲ್ಲಿ 29,133 ಪುರುಷ ಧೂಮಪಾನಿಗಳನ್ನು ಒಳಗೊಂಡಿದ್ದ, 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೀಟಾ-ಕ್ಯಾರೊಟಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಯಿತು.

ಇನ್ನು ಸ್ಟ್ರೆಸ್ಸನ್ನು ಹೆಚ್ಚಿಸುವ ಔಷಧಗಳ ವಿಷಯ. ನೀವು ಓದಿದ್ದು ಬಹುಶಃ ಎಲೆಸ್ಕ್ಲೊಮಾಲ್ ಕುರಿತು ಇರಬೇಕು. ಅದು ತಾಮ್ರವನ್ನು ಹಿಡಿದು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದೊಳಕ್ಕೆ ಒಯ್ಯುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋಥೆರಪಿ ಔಷಧದ ಜೊತೆಗೆ ಅದನ್ನು ಕೊಟ್ಟ ಚಿಕ್ಕ ಪ್ರಯೋಗ ಭರವಸೆ ಮೂಡಿಸಿತು. ಆದರೆ 651 ರೋಗಿಗಳ ಮೂರನೆಯ ಹಂತದ ಪ್ರಯೋಗವನ್ನು 2009ರ ಫೆಬ್ರುವರಿಯಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹೊಸ ಔಷಧ ಪಡೆದ ಗುಂಪಿನಲ್ಲಿ ಸಾವುಗಳು ಹೆಚ್ಚಾಗಿದ್ದವು. ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವದ ಪ್ರಮಾಣ ಸಹಜವಾಗಿದ್ದವರಲ್ಲಿ ಮಾತ್ರ ಸ್ವಲ್ಪ ಪ್ರಯೋಜನ ಕಂಡಿತು. ಮುಂದೆ 2022ರಲ್ಲಿ, ಆ ತಾಮ್ರವು ಮೈಟೊಕಾಂಡ್ರಿಯದ ಕೆಲವು ಪ್ರೋಟೀನುಗಳಿಗೆ ನೇರವಾಗಿ ಅಂಟಿಕೊಂಡು ಕೋಶವನ್ನು ಕೊಲ್ಲುತ್ತದೆ ಎಂದು ತಿಳಿದುಬಂದು, ಎಲ್ಲವೂ ಆಕ್ಸಿಡೇಟಿವ್ ಸ್ಟ್ರೆಸ್‌ನಿಂದಲೇ ಎಂಬ ಹಳೆಯ ವಿವರಣೆಯನ್ನು ತಿದ್ದಬೇಕಾಯಿತು. ನೆದರ್ಲೆಂಡ್ಸ್‌ನ ವಿಜ್ಞಾನಿಗಳು 2018ರಲ್ಲಿ ಇನ್ನೊಂದು ದಾರಿ ತೋರಿಸಿದರು. ಬಿರಾಫ್ (BRAF) ಎಂಬ ಜೀನಿನ ರೂಪಾಂತರವನ್ನು ಗುರಿಯಾಗಿಸಿದ ಔಷಧಗಳಿಗೆ ಬಗ್ಗದ ಮೆಲನೋಮಾ ಕೋಶಗಳಲ್ಲಿ ಈ ಸ್ಟ್ರೆಸ್ ಮೊದಲೇ ಹೆಚ್ಚಿರುತ್ತದೆ. ಆ ಔಷಧವನ್ನು ನಿಲ್ಲಿಸಿ ವೊರಿನೊಸ್ಟಾಟ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧ ಕೊಟ್ಟಾಗ ಆ ಸ್ಟ್ರೆಸ್ ಕೋಶ ತಾಳಲಾರದಷ್ಟು ಏರುತ್ತದೆ. ಇದನ್ನು ಇನ್ನೂ ಸಂಶೋಧನೆ ಎಂದೇ ಪರಿಗಣಿಸಬೇಕು, ಕೇಳಿ ಪಡೆಯುವ ಚಿಕಿತ್ಸೆ ಎಂದಲ್ಲ.

ಪ್ರಶ್ನೆ ಕೇಳಿದವರು

ಮೇಡಂ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದಗಳು. ಡಬ್ಬಿಯನ್ನು ತೆಗೆದಿಟ್ಟಿದ್ದೇನೆ. ಇನ್ನೊಂದು ಸಂದೇಹ: ಹಾಗಾದರೆ ನೆಲ್ಲಿಕಾಯಿ, ಲಿಂಬೆ, ದ್ರಾಕ್ಷಿ ತಿನ್ನುವುದನ್ನೂ ಬಿಡಿಸಬೇಕೆ? ಮನೆಯಲ್ಲಿ ಅವ್ವ ಗಾಬರಿಯಾಗಿದ್ದಾರೆ.

ಉತ್ತರ: ಬೆಳಗಾವಿಯಿಂದ, ಜೀವರಸಾಯನಶಾಸ್ತ್ರದ ಉಪನ್ಯಾಸಕಿ

ಖಂಡಿತ ಬಿಡಿಸಬೇಡಿ. ಊಟದಲ್ಲಿ ಬರುವ ಪ್ರಮಾಣ ಬೇರೆ, ಗುಳಿಗೆಯಲ್ಲಿ ಒತ್ತಿ ತುಂಬಿದ ಪ್ರಮಾಣ ಬೇರೆ. ನಾನು ಹೇಳಿದ ಅಧ್ಯಯನಗಳೆಲ್ಲ ಪ್ರತ್ಯೇಕವಾಗಿ ಕೊಟ್ಟ ಔಷಧ ಅಥವಾ ಮಾತ್ರೆಗಳ ಬಗ್ಗೆ. ಅವ್ವ ಅವರಿಗೆ ಧೈರ್ಯ ಹೇಳಿ. ಶಸ್ತ್ರಚಿಕಿತ್ಸೆಯ ಗಾಯ ಮಾಯಲು ಕಾಕಾ ಅವರು ಹೊಟ್ಟೆತುಂಬ ಉಣ್ಣಬೇಕು.

ಉತ್ತರ: ವಿಜಯಪುರದಿಂದ, ರೋಗಲಕ್ಷಣಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ

ಮೇಡಂ ಬರೆದಿದ್ದಕ್ಕೆ ಪ್ರಯೋಗಾಲಯದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಅಂಗಾಲಿನ ಮೆಲನೋಮಾದ ಸ್ಲೈಡುಗಳಲ್ಲಿ ಕೆಲವೊಮ್ಮೆ ಮೆಲನಿನ್ ಎಷ್ಟು ದಟ್ಟವಾಗಿರುತ್ತದೆಂದರೆ, ಸೂಕ್ಷ್ಮದರ್ಶಕದ ಕೆಳಗೆ ಕಂದುಗಪ್ಪು ಮುದ್ದೆಯ ಹೊರತು ಕೋಶದ ಬೀಜಕೇಂದ್ರವೇ ಕಾಣುವುದಿಲ್ಲ. ಆಗ ಆ ತೆಳುಪದರವನ್ನು ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣದಲ್ಲಿಟ್ಟು, ಬಳಿಕ ಆಕ್ಸಾಲಿಕ್ ಆಮ್ಲದಲ್ಲಿ ತೊಳೆಯುತ್ತೇವೆ. ಕಪ್ಪು ನಿಧಾನವಾಗಿ ಇಳಿದು ಹೋಗಿ, ಅಡಗಿದ್ದ ಬೀಜಕೇಂದ್ರಗಳು ಸ್ಪಷ್ಟವಾಗಿ ಎದ್ದು ಕಾಣುತ್ತವೆ. ಬಣ್ಣ ತೆಗೆಯುವ ಈ ಕೆಲಸವೂ ಆಕ್ಸಿಡೀಕರಣವೇ.

ನಿಮ್ಮ ವರದಿಯಲ್ಲಿ ಆಳದ ಜೊತೆಗೆ ಗಡ್ಡೆಯ ಮೇಲ್ಮೈ ಹುಣ್ಣಾಗಿತ್ತೇ ಎಂಬುದನ್ನೂ ಬರೆದಿರಬೇಕು. ಆಳ 2.3 ಮಿ.ಮೀ. ಇದ್ದು, ದುಗ್ಧಗ್ರಂಥಿ ಶುದ್ಧವಾಗಿದ್ದು, ಹುಣ್ಣು ಇಲ್ಲದಿದ್ದರೆ ಅದು 2ಎ ಹಂತ. ಹುಣ್ಣು ಇದ್ದರೆ 2ಬಿ ಹಂತ. ಎರಡಕ್ಕೂ ಮುಂದಿನ ದಾರಿ ಬೇರೆಯಾಗಬಹುದು. 2ಬಿ ಹಂತದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರನ್ನು ಎದುರಿಸುವ) ಔಷಧವನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಬಹಳ ದುಬಾರಿ. ಅಂಗಾಲಿನ ಮೆಲನೋಮಾದಲ್ಲಿ ಈ ಬಗೆಯ ಔಷಧಗಳ ಫಲ ಬಿಸಿಲು ಬೀಳುವ ಚರ್ಮದ ಮೆಲನೋಮಾದಲ್ಲಿ ಕಾಣುವಷ್ಟು ಚೆನ್ನಾಗಿರುವುದಿಲ್ಲ. ಆದ್ದರಿಂದ ಬೇಕೇ ಬೇಡವೇ ಎಂಬುದನ್ನು ವೈದ್ಯರ ಎದುರು ಕುಳಿತು ಬಿಡಿಸಿ ಕೇಳಿ.

ಬಿಸಿಲಿನ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಭಾರತದಲ್ಲಿ ಮೆಲನೋಮಾ ಅಪರೂಪ, ಬಂದಾಗ ಅಂಗಾಲು, ಅಂಗೈ, ಉಗುರಿನ ಬುಡ ಮತ್ತು ಒಳಪೊರೆಗಳಲ್ಲಿ ಬರುವುದೇ ಹೆಚ್ಚು. ಅಂಗಾಲಿನ ಮೆಲನೋಮಾದಲ್ಲಿ ಬಿಸಿಲಿನ ಪಾತ್ರ ಬಹಳ ಕಡಿಮೆ. ಪಾಶ್ಚಾತ್ಯರ ಚರ್ಮದ ಮೆಲನೋಮಾಗಳಲ್ಲಿ ಸರಿಸುಮಾರು ಅರ್ಧದಷ್ಟರಲ್ಲಿ ಕಾಣುವ ಬಿರಾಫ್ ರೂಪಾಂತರ ಅಂಗಾಲಿನಲ್ಲಿ ಕಡಿಮೆ. ಕೆಲವರಲ್ಲಿ ಕಿಟ್ ಜೀನಿನ ರೂಪಾಂತರ ಇರುತ್ತದೆ. ಮುಂದೆಂದಾದರೂ ಈ ಜೀನ್ ಪರೀಕ್ಷೆ ಬೇಕಾಗಬಹುದು, ಆದ್ದರಿಂದ ಪ್ಯಾರಾಫಿನ್ ಬ್ಲಾಕ್ (ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಅಚ್ಚು) ಎಲ್ಲಿದೆ ಎಂದು ಈಗಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ.

ಉತ್ತರ: ಬೆಳಗಾವಿಯಿಂದ, ಔಷಧ ಪ್ರಯೋಗಗಳ ಸಂಯೋಜಕಿ

ಪ್ರಯೋಗಗಳ ಬಗ್ಗೆ ಕೇಳಿದ್ದೀರಿ. ಭಾರತದಲ್ಲಿ 2009ರ ಜೂನ್‌ನಿಂದ ಪ್ರತಿಯೊಂದು ಔಷಧ ಪ್ರಯೋಗವನ್ನೂ ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ಮೊದಲೇ ನೋಂದಾಯಿಸುವುದು ಕಡ್ಡಾಯ. ಆ ಜಾಲತಾಣದಲ್ಲಿ ಕಾಯಿಲೆಯ ಹೆಸರು ಹಾಕಿ ಹುಡುಕಿದರೆ ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ಪ್ರಯೋಗ ನಡೆಯುತ್ತಿದೆ, ಯಾರನ್ನು ಸೇರಿಸಿಕೊಳ್ಳುತ್ತಾರೆ ಎಂಬುದು ಯಾರಿಗಾದರೂ ಕಾಣುತ್ತದೆ. ನೋಂದಣಿ ಸಂಖ್ಯೆ ಹೇಳಲಾರದವರು ಪ್ರಾಯೋಗಿಕ ಚಿಕಿತ್ಸೆ ಎಂದು ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕಾಕಾ ಅವರಲ್ಲಿ ಸದ್ಯ ರೋಗ ಉಳಿದಿಲ್ಲವಾದ್ದರಿಂದ, ಹರಡಿದ ಮೆಲನೋಮಾಕ್ಕೆಂದು ರೂಪಿಸಿದ ಬಹುಪಾಲು ಪ್ರಯೋಗಗಳಿಗೆ ಅವರು ಹೊಂದುವುದಿಲ್ಲ. ಇದು ನಿರಾಶೆಯ ಮಾತಲ್ಲ. ಅಂತಹ ಪ್ರಯೋಗದ ಅಗತ್ಯ ಅವರಿಗೆ ಬಂದಿಲ್ಲ ಎಂದಷ್ಟೇ ಅರ್ಥ. ಮುಂದೆ ಎಂದಾದರೂ ಅವಕಾಶ ಬಂದರೆ, ಮಾಹಿತಿ ಪತ್ರವನ್ನು ಕನ್ನಡದಲ್ಲಿಯೇ ಕೇಳಿ ಪಡೆಯಿರಿ, ಅದನ್ನು ಮನೆಗೆ ಒಯ್ದು ಓದಿ, ಆಮೇಲೆ ಸಹಿ ಮಾಡಿ. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆಯನ್ನು ಉಚಿತವಾಗಿ ಕೊಡಬೇಕೆಂದು 2019ರ ನಿಯಮಗಳು ಹೇಳುತ್ತವೆ, ಮತ್ತು ಯಾವ ಹಂತದಲ್ಲಾದರೂ ಹೊರಬರುವ ಹಕ್ಕು ಅವರಿಗೆ ಇರುತ್ತದೆ.

ಉತ್ತರ: ವಿಜಯಪುರದಿಂದ, ರೋಗಲಕ್ಷಣಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ

ಬರೆಯಲು ಬಿಟ್ಟುಹೋದ ಒಂದು ವಿಷಯ. ತಪಾಸಣೆಗೆ ಹೋಗುವ ದಿನಗಳ ನಡುವೆ ಮನೆಯಲ್ಲಿಯೂ ನೋಡುತ್ತಿರಿ. ಶಸ್ತ್ರಚಿಕಿತ್ಸೆಯಾದ ಜಾಗದ ಸುತ್ತ, ಅಲ್ಲಿಂದ ಮೊಣಕಾಲಿನವರೆಗಿನ ಚರ್ಮದಲ್ಲಿ ಹೊಸ ಕಪ್ಪು ಅಥವಾ ಗುಲಾಬಿ ಗಂಟು ಮೂಡಿದೆಯೇ, ಮೊಣಕಾಲಿನ ಹಿಂದೆ ಅಥವಾ ತೊಡೆಸಂದಿಯಲ್ಲಿ ಗಡ್ಡೆ ಕೈಗೆ ಹತ್ತುತ್ತದೆಯೇ ಎಂದು ಗಮನಿಸಿ. ಇನ್ನೊಂದು ಪಾದದ ಅಂಗಾಲು, ಬೆರಳುಸಂದಿ ಮತ್ತು ಉಗುರುಗಳನ್ನೂ ಬೆಳಕಿನಲ್ಲಿ ನೋಡಬೇಕು. ಏನಾದರೂ ಕಂಡರೆ ಮುಂದಿನ ತಪಾಸಣೆಯ ದಿನಾಂಕಕ್ಕೆ ಕಾಯದೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿಗೇ ಹೋಗಿ, ಮತ್ತೆ ಆಣಿ ಕೊರೆಯುವವರ ಬಳಿಗೆ ಮಾತ್ರ ಕರೆದೊಯ್ಯಬೇಡಿ.