‘ಮಾನ್ಯತೆ’ ನೀಡಿತೇ, ‘ಊರ್ಜಿತ’ ಎಂದಿತೇ?

ಮಾನ್ಯರೇ,

ಐಸ್‌ಲ್ಯಾಂಡ್ ಮತ್ತು ಲಿಥುವೇನಿಯಾಗಳ ರಾಜತಾಂತ್ರಿಕ ಸಂಬಂಧವನ್ನು ಕುರಿತು ಟಿಪ್ಪಣಿ ಬರೆಯುತ್ತಿರುವಾಗ ಎರಡು ಪದಗಳ ಬಳಿ ತಡೆದು ನಿಂತಿದ್ದೇನೆ.

ಮೊದಲನೆಯದು ‘ಮಾನ್ಯತೆ’. ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನ ದೂರದರ್ಶನ ಗೋಪುರದ ಬಳಿ ಸೋವಿಯತ್ ಸೇನೆ ನಿರಾಯುಧ ಜನರ ಮೇಲೆ ಎರಗಿ ಒಂದು ತಿಂಗಳೂ ತುಂಬುವ ಮೊದಲು, 1991ರ ಫೆಬ್ರವರಿ 11ರಂದು, ಐಸ್‌ಲ್ಯಾಂಡಿನ ಸಂಸತ್ತಾದ ಆಲ್ಥಿಂಗ್ ನಿರ್ಣಯವೊಂದನ್ನು ಕೈಗೊಂಡಿತು. ಅದನ್ನು ‘ಲಿಥುವೇನಿಯಾಕ್ಕೆ ಮಾನ್ಯತೆ ನೀಡಿತು’ ಎಂದು ಬರೆದು ಮುಗಿಸಬಹುದು. ಆದರೆ ನಿರ್ಣಯ ಹೇಳುವುದು ಬೇರೆ. 1922ರಲ್ಲಿ ಲಿಥುವೇನಿಯಾಕ್ಕೆ ನೀಡಿದ್ದ ಮಾನ್ಯತೆ ಈಗಲೂ ಪೂರ್ಣ ಬಲದಲ್ಲಿದೆ, ರಾಜತಾಂತ್ರಿಕ ಸಂಬಂಧವನ್ನು ಆದಷ್ಟು ಬೇಗ ಏರ್ಪಡಿಸಬೇಕು ಎಂಬುದು ಅದರ ತಾತ್ಪರ್ಯ. ಹೊಸದಾಗಿ ‘ನೀಡಿತು’ ಎಂದರೆ, 1940ರಲ್ಲಿ ಲಿಥುವೇನಿಯಾವನ್ನು ಸೋವಿಯತ್ ಒಕ್ಕೂಟ ನುಂಗಿದ್ದು ಸಿಂಧುವಾಗಿತ್ತೆಂದು ನಾವೇ ಒಪ್ಪಿದಂತಾಗುತ್ತದೆ. ಮಾಸ್ಕೋ ತನ್ನ ರಾಯಭಾರಿಯನ್ನು ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಿಂದ ವಾಪಸು ಕರೆಸಿಕೊಂಡದ್ದನ್ನು ನೋಡಿದರೆ, ಆ ಮಾತಿನ ತೂಕ ಅವರಿಗೆ ಚೆನ್ನಾಗಿಯೇ ತಿಳಿದಿತ್ತು.

‘ಮಾನ್ಯತೆಯನ್ನು ನವೀಕರಿಸಿತು’ ಎನ್ನೋಣವೆಂದರೆ, ಖಾಸಗಿ ಶಾಲೆಗಳ ಮಾನ್ಯತೆ ನವೀಕರಣದ ಅರ್ಜಿ ಕಣ್ಣ ಮುಂದೆ ಬರುತ್ತದೆ. ಅಲ್ಲಿ ಅವಧಿ ತೀರಿದ್ದಕ್ಕೇ ನವೀಕರಣ, ಇಲ್ಲಿ ಅವಧಿ ತೀರಲೇ ಇಲ್ಲವೆಂಬುದೇ ವಾದ. ನ್ಯಾಯಾಲಯದ ತೀರ್ಪುಗಳಲ್ಲಿ ಬಳಕೆಯಲ್ಲಿರುವ ‘ಊರ್ಜಿತ’ ನನಗೆ ಹೆಚ್ಚು ಒಪ್ಪಿಗೆಯಾಗಿದೆ: ‘1922ರ ಮಾನ್ಯತೆಯು ಪೂರ್ಣವಾಗಿ ಊರ್ಜಿತದಲ್ಲಿದೆಯೆಂದು ದೃಢೀಕರಿಸಿತು.’ ಪತ್ರಿಕೆಯ ಓದುಗರಿಗೆ ಇದು ತುಸು ಬಿಗಿಯೆನಿಸೀತೇ?

ಎರಡನೆಯದು ‘ಪುನಃಸ್ಥಾಪನೆ’. 1991ರ ಆಗಸ್ಟ್ 26ರಂದು ಮೂರು ಬಾಲ್ಟಿಕ್ ದೇಶಗಳ ವಿದೇಶಾಂಗ ಸಚಿವರು ರೇಕ್ಯಾವಿಕ್‌ಗೆ ಬಂದು, ಅಲ್ಲಿನ ಸಚಿವ ಯೋನ್ ಬಾಲ್ಡ್ವಿನ್ ಹ್ಯಾನಿಬಾಲ್ಸನ್ ಅವರೊಡನೆ ರಾಜತಾಂತ್ರಿಕ ಸಂಬಂಧದ ದಸ್ತಾವೇಜಿಗೆ ಸಹಿ ಹಾಕಿದರು. ಲಿಥುವೇನಿಯಾದ ಮಟ್ಟಿಗೆ ಇದನ್ನು ಸಂಬಂಧದ ‘ಸ್ಥಾಪನೆ’ ಎನ್ನಬೇಕೋ ‘ಪುನಃಸ್ಥಾಪನೆ’ ಎನ್ನಬೇಕೋ ಎಂಬುದು ನನ್ನ ಗೊಂದಲ. 1922ರಲ್ಲಿ ಐಸ್‌ಲ್ಯಾಂಡ್ ಸಾರ್ವಭೌಮ ರಾಜ್ಯವೇ ಆಗಿದ್ದರೂ ಅದರ ವಿದೇಶ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದುದು ಡೆನ್ಮಾರ್ಕ್. ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿದ ಮೇಲೆ, 1940ರ ಏಪ್ರಿಲ್‌ನಲ್ಲಿ, ಐಸ್‌ಲ್ಯಾಂಡ್ ಆ ವ್ಯವಹಾರವನ್ನು ಸ್ವಂತ ಕೈಗೆ ತೆಗೆದುಕೊಂಡಿತು. ಅದೇ ವರ್ಷದ ಬೇಸಿಗೆಯಲ್ಲಿ ಲಿಥುವೇನಿಯಾ ತನ್ನ ವಿದೇಶ ವ್ಯವಹಾರದ ಹಿಡಿತವನ್ನು ಕಳೆದುಕೊಂಡಿತು. ಹಾಗಾಗಿ ಮಾನ್ಯತೆ ಹಳೆಯದು, ನೇರ ಸಂಬಂಧ ಹೊಸದು; ‘ಪುನಃ’ ಎಂಬುದು ಇಲ್ಲಿ ಸಲ್ಲದೆಂದು ನನಗೆ ತೋರುತ್ತದೆ.

ವಿಲ್ನಿಯಸ್‌ನಲ್ಲಿ ಇಂದು ಐಸ್‌ಲ್ಯಾಂಡಿನ ಹೆಸರಿನದೊಂದು ಬೀದಿಯಿದೆ. ಅದು ‘ಮಾನ್ಯತೆ’ಗಲ್ಲ, ನಮ್ಮ ‘ಮನ್ನಣೆ’ಗೆ ಒಳ್ಳೆಯ ಉದಾಹರಣೆ, ಈ ಎರಡನ್ನೂ ಒಂದರ ಬದಲು ಇನ್ನೊಂದೆಂಬಂತೆ ಬಳಸುವವರಿರುವುದರಿಂದ ಹೇಳಿದೆ. ‘ಊರ್ಜಿತ’ಕ್ಕಿಂತ ಹಗುರವಾದ, ಆದರೆ ಅರ್ಥ ಸಡಿಲಾಗದ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.