ಮಗನ ಭುಜ ವಾಲಿದೆ, ರಾತ್ರಿ ಬೆನ್ನುನೋವು

ಪ್ರಶ್ನೆ: ಮಗನಿಗೆ 14 ವರ್ಷ. ಸ್ಕೂಲ್ ಶರ್ಟ್ ಹಾಕಿದಾಗ ಎಡಭುಜ ಕೆಳಗಿಳಿದು ಕಾಣುತ್ತದೆ. ರಾತ್ರಿ ಎರಡಕ್ಕೆ ಬೆನ್ನುನೋವು ಅಂತ ಎದ್ದು ಕೂರುತ್ತಾನೆ. ಡಾಕ್ಟರ್ ಬರೆದ ಐಬುಪ್ರೊಫೆನ್ ಕೊಟ್ಟರೆ ಮಲಗುತ್ತಾನೆ. ಬ್ಯಾಗ್ ಭಾರ ಅಂತಾರೆ ಎಲ್ಲರೂ. ಸುಮ್ನೆ ಬಿಡಲಾ?

ಉತ್ತರ 1: ಬಿಡಬೇಡಿ ಅಕ್ಕಾ. ಮಾಮೂಲಿ ಸ್ಕೋಲಿಯೋಸಿಸ್ (ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು) ಮಕ್ಕಳನ್ನು ಹೀಗೆ ನಿದ್ದೆಯಿಂದ ಎಬ್ಬಿಸುವುದು ಕಡಿಮೆ. ನನ್ನ ಮಗಳಿಗೆ ಎಂಟು ತಿಂಗಳು ಫಿಸಿಯೋಥೆರಪಿ ಮಾಡಿಸಿದೆವು, ದಂಡ. ಎಕ್ಸ್-ರೇಯಲ್ಲಿ ಬರೀ ಬಾಗು ಕಂಡಿತ್ತು. ಕೊನೆಗೆ ಸಿಟಿ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯ ಹಿಂಭಾಗ ಕಡಲೆಕಾಳಿನಷ್ಟು ಗಡ್ಡೆ! ಆಸ್ಟಿಯಾಯ್ಡ್ ಆಸ್ಟಿಯೋಮಾ ಅಂತೆ. ಕ್ಯಾನ್ಸರ್ ಅಲ್ಲ.

ಪ್ರಶ್ನೆ ಕೇಳಿದವರು: ಅಷ್ಟು ಚಿಕ್ಕದಕ್ಕೆ ಬೆನ್ನು ಬಾಗುತ್ತಾ?

ಉತ್ತರ 1: ನೋವಿಗೆ ಆ ಕಡೆಯ ಸ್ನಾಯು ಬಿಗಿಯುತ್ತದೆ, ಬೆನ್ನು ಅತ್ತಲೇ ವಾಲುತ್ತದೆ. ಸೂಜಿ ತೂರಿಸಿ ಗಡ್ಡೆ ಸುಟ್ಟರು. ಬಾಗು ನಿಧಾನಕ್ಕೆ ಇಳಿಯಿತು.

ಉತ್ತರ 2: ಬೆನ್ನುಮೂಳೆ ತಜ್ಞರಿಗೇ ತೋರಿಸಿ. ಕಾಲು ಜೋಮು, ಶಕ್ತಿ ಇಲ್ಲ ಅಂದರೆ ಅವತ್ತೇ ಹೋಗಿ.